ಚೇತರಿಕೆಯೆಂಬ ಕಾಯಕ



ದೇಹವಿದ್ದಲ್ಲಿ ರೋಗವುಂಟು. ಮುಪ್ಪಿನಲ್ಲಂತೂ ಯಾವುದಾದರೊಂದು ಕಾರಣದಿಂದ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಒಬ್ಬರಿಗೆ ಕಣ್ಣಿನ ಪೊರೆ, ಮತ್ತೊಬ್ಬರಿಗೆ ಹರ್ನಿಯಾ, ಇನ್ನೊಬ್ಬರಿಗೆ ಜಾರಿಬಿದ್ದು ಮುರಿದ ಸೊಂಟದ ಮೂಳೆ. ಶಸ್ತ್ರವನ್ನು ಹಿಡಿಯುವ ಕಾರ್ಯ ವೈದ್ಯರದು. ಅದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆ ಬಳಿಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯತಕ್ಕ ಕಾರ್ಯವು ರೋಗಿಯದು ಮತ್ತು ಅವರ ಮನೆಯವರದು. ಈ ಎರಡನೆಯ ಕಾರ್ಯವನ್ನು ವಿಚಾರಿಸುವುದೇ ಈ ಪಾಠದ ಉದ್ದೇಶವಾಗಿದೆ.

ಈ ವಿಚಾರವು ನಮ್ಮ ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆಗೆ ವಿಶೇಷವಾಗಿ ಸಲ್ಲತಕ್ಕದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಗೆ ಬಂದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದ ಗಟ್ಟಿ ಆಳುಗಳು ಇಂದು ವೃದ್ಧರಾಗಿದ್ದಾರೆ. ಅವರ ಮಕ್ಕಳಲ್ಲಿ ಅನೇಕರು ಬೆಳಗಾಗುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮನೆಗೆ ಮರಳುತ್ತಾರೆ. ಬಂಗಾರಪೇಟೆಯಿಂದ ರಾಜಧಾನಿಗೆ ಸುಮಾರು 70 ಕಿಲೋಮೀಟರ್. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಮುದುಕರು ಮಾತ್ರ. ಇಂತಹ ಮನೆಗೆ ಹೊಲಿಗೆ ಹಾಕಿದ ಮೈಯೊಡನೆ ಹಿರಿಯರು ಬಂದು ಮಲಗಿದರೆ ಅವರಿಗೆ ಆಸರೆ ಯಾರು? ಆಸರೆಯನ್ನು ಕೊಡುವವರು ಇದ್ದರೂ ಅದನ್ನು ಸ್ವೀಕರಿಸಲು ಅವರ ಮನಸ್ಸು ಒಪ್ಪುವುದೆ? ಪ್ರಶ್ನೆಗಳು ಇವೆರಡೇ.

ಎರಡನೆಯದನ್ನೇ ಮೊದಲು ನೋಡೋಣ. ಜೀವಮಾನವೆಲ್ಲ ನಾಲ್ವರಿಗೆ ಅನ್ನವಿಕ್ಕಿದ ಯಜಮಾನರಿಗೆ ಸೊಸೆಯ ಕೈಹಿಡಿದು ಬಚ್ಚಲಿಗೆ ಹೋಗುವುದು ಸಂಕೋಚವೆನಿಸುತ್ತದೆ. ರಾತ್ರಿ ಮಗನನ್ನು ಎಬ್ಬಿಸಲಾರದೆ ತಾವೇ ಏಳುತ್ತಾರೆ. ಕತ್ತಲಲ್ಲಿ ಕಾಲು ತಡವರಿಸಿ ಬೀಳುತ್ತಾರೆ. ವೈದ್ಯರು ಕೂಡಿಸಿದ ಮೂಳೆ ಮತ್ತೆ ಮುರಿಯುತ್ತದೆ. ಇದನ್ನು ಸ್ವಾಭಿಮಾನವೆಂದು ಕೆಲವರು ಹೊಗಳುವುದುಂಟು. ಆದರೆ ದಾಸೋಹವೆಂಬ ಪದದ ಅರ್ಥವನ್ನು ಬಲ್ಲವರು ಹಾಗೆ ಹೊಗಳಲಾರರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಆದುದರಿಂದ ಪಡೆಯುವವನು ಕೆಳಗಾಗುವ ಪ್ರಸಂಗವೇ ಇಲ್ಲ. ಹೀಗಿರಲು, ಅನೇಕ ವರ್ಷ ದಾಸೋಹ ಮಾಡಿದವರು ತಮ್ಮ ಸರದಿ ಬಂದಾಗ ಸೇವೆಯನ್ನು ಸ್ವೀಕರಿಸಲು ನಾಚಿದರೆ, ತಾವು ಅಷ್ಟು ವರ್ಷ ಮಾಡಿದ್ದು ದಾನವೆಂದೇ ಒಪ್ಪಿಕೊಂಡಂತಾಗುವುದಿಲ್ಲವೆ? ಸೇವೆಯನ್ನು ಪ್ರಸಾದವೆಂದು ಕೈಚಾಚಿ ಕೊಳ್ಳುವುದೂ ಭಕ್ತಿಯ ಒಂದು ಅಂಗವೇ.

ನಮ್ಮ ಗಣಿಯ ಹಿರಿಯರಿಗೆ ಈ ಮಾತು ಸುಲಭವಾಗಿ ತಿಳಿಯತಕ್ಕದ್ದು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬಂಡೆಯನ್ನು ಕೊರೆದು ಅದಿರು ತೆಗೆದ ಕಡೆ ಮರದ ದಿಮ್ಮಿ, ಕಲ್ಲಿನ ಕಟ್ಟಡಗಳ ಆಸರೆ ಕೊಡದೆ ಮುಂದುವರಿದವರಿಲ್ಲ. ಯುಗಯುಗಗಳಿಂದ ನಿಂತ ಬಂಡೆಗೂ ಅದರ ಒಂದು ಭಾಗವನ್ನು ಕೊಯ್ದು ತೆಗೆದ ಮೇಲೆ ಆಸರೆ ಬೇಕಾಯಿತು. ಎಪ್ಪತ್ತು ವರ್ಷದ ಮೈಗೆ ಬೇಡವೆ?

ಇನ್ನು ಆಸರೆಯ ಸ್ವರೂಪವೇನೆಂಬುದನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆ ನಡೆಯದು. ರೋಗಿಯನ್ನು ಸುಮ್ಮನೆ ಬಿದ್ದಿರುವವನೆಂದು ಬಗೆಯದೆ, ಅವನನ್ನೂ ಒಂದು ಪಾದವಾಗಿ ಎಣಿಸಿರುವುದನ್ನು ಗಮನಿಸಬೇಕು. ಎಂದಮೇಲೆ ಗುಣವಾಗುವುದೂ ಒಂದು ಕಾಯಕ. ಅದರಲ್ಲಿ ಮಾಡತಕ್ಕ ಕೆಲಸವಿದೆ. ಅದನ್ನು ಪ್ರತಿದಿನವೂ ಮಾಡಬೇಕು.

ರೋಗಿಗೆ ಅಲ್ಲಿ ಹೇಳಿದ ಗುಣಗಳು ನಾಲ್ಕು. ಮೊದಲನೆಯದು ಸ್ಮೃತಿ, ಅಂದರೆ ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು. ವಯಸ್ಸಿನಿಂದ ಮರೆವು ಬಂದವರು ಔಷಧದ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಳ್ಳಲಿ. ಎರಡನೆಯದು ನಿರ್ದೇಶಕಾರಿತ್ವ, ಎಂದರೆ ವೈದ್ಯರು ಹೇಳಿದಂತೆ ನಡೆಯುವುದು. ಮೂರನೆಯದು ಅಭೀರುತ್ವ, ಅಂದರೆ ಅಂಜದಿರುವುದು. ನಾಲ್ಕನೆಯದು ಜ್ಞಾಪಕತ್ವ, ತನ್ನ ನೋವನ್ನು ಮುಚ್ಚಿಡದೆ ಸರಿಯಾಗಿ ತಿಳಿಸುವುದು. ನಮ್ಮ ಹಿರಿಯರು ಹೆಚ್ಚಾಗಿ ಸೋಲುವುದು ಈ ನಾಲ್ಕನೆಯದರಲ್ಲಿಯೇ. ನೋವನ್ನು ನುಂಗುವುದೇ ತಾಳ್ಮೆಯೆಂದು ತಿಳಿದಿದ್ದಾರೆ. ನೋವಿನಿಂದ ಆಳವಾಗಿ ಉಸಿರೆಳೆಯಲಾಗದೆ ಹೋದರೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬರುವುದುಂಟು. ಗಣಿಯಲ್ಲಿ ದುಡಿದವರು ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ಹೇಳಲೇಬೇಕು. ಕಲ್ಲಿನ ದೂಳಿನಿಂದ ಸಿಲಿಕೋಸಿಸ್ ಎಂಬ ರೋಗ ಹತ್ತಿದ ಶ್ವಾಸಕೋಶವಾದರೆ ಅರಿವಳಿಕೆ ಕೊಡುವವರೂ ಆಮೇಲೆ ಆರೈಕೆ ಮಾಡುವವರೂ ಹೆಚ್ಚು ಎಚ್ಚರದಿಂದಿರುತ್ತಾರೆ.

ತಾಳ್ಮೆಯೆಂದರೆ ಅಲುಗಾಡದೆ ಮಲಗಿರುವುದು ಎಂಬುದೂ ಸರಿಯಲ್ಲ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದವರನ್ನು ಇಂದಿನ ವೈದ್ಯರು ಸಾಧ್ಯವಾದರೆ ಮರುದಿನವೇ ಎಬ್ಬಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಬಹುದಿನ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಬೆನ್ನಿನಲ್ಲಿ ಹುಣ್ಣಾಗುವ, ಮಾಂಸಖಂಡ ಕರಗುವ ಭಯವಿದೆ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಹೊರಗಿನ ಹೊಲಿಗೆ ಬಿಚ್ಚಿದ ಕೂಡಲೇ ನೀರಿನ ಬಿಂದಿಗೆಯನ್ನು ಎತ್ತಲಾಗದು. ಚರ್ಮ ಕೂಡಿದರೂ ಒಳಗಿನ ಪದರಗಳಿಗೆ ಬಲ ಬರಲು ತಿಂಗಳುಗಳು ಬೇಕು. ಎಷ್ಟು ದಿನವೆಂಬುದನ್ನು ಶಸ್ತ್ರವೈದ್ಯರನ್ನೇ ಕೇಳಿ ನಡೆಯತಕ್ಕದ್ದು.

ಇಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಆ ಹೆಚ್ಚಳವನ್ನು ಮರಳಿ ಸುರಿದುಬರುವಂತೆ ಹೇಳಿದಳು. ಮತ್ತೊಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದಳು. ಹೆಚ್ಚನ್ನು ತಡೆದವಳೂ ಅವಳೇ, ಆಲಸ್ಯವನ್ನು ಕಳೆದವಳೂ ಅವಳೇ. ಚೇತರಿಸಿಕೊಳ್ಳುವವರ ಬಳಿ ಇರತಕ್ಕವರು ಹೀಗಿರಬೇಕು. ಇಂದು ಹತ್ತು ಹೆಜ್ಜೆ ನಡೆಯಬೇಕಾದವರು ಬೇಸರದಿಂದ ಮಲಗಿದರೆ ಎಬ್ಬಿಸಬೇಕು. ಉತ್ಸಾಹದಿಂದ ನೂರು ಹೆಜ್ಜೆ ಹೊರಟರೆ ಕುಳ್ಳಿರಿಸಬೇಕು.

ಪರಿಚಾರಕರಿಗೂ ಚರಕನು ನಾಲ್ಕು ಗುಣಗಳನ್ನು ಹೇಳಿದ್ದಾನೆ: ಉಪಚಾರವನ್ನು ಬಲ್ಲವರಾಗಿರುವುದು, ದಕ್ಷತೆ, ಅನುರಾಗ, ಶುಚಿತ್ವ. ಪ್ರೀತಿಯೊಂದೇ ಸಾಲದು, ಗಾಯವನ್ನು ಮುಟ್ಟುವ ಮುನ್ನ ಸೋಪು ಹಚ್ಚಿ ಕೈ ತೊಳೆಯುವುದನ್ನೂ ಕಲಿತಿರಬೇಕೆಂದು ಇದರ ತಾತ್ಪರ್ಯ. ಸುಶ್ರುತಸಂಹಿತೆಯಲ್ಲಿ ಗಾಯಗೊಂಡವರ ಆರೈಕೆಗೆಂದೇ ವ್ರಣಿತೋಪಾಸನೀಯವೆಂಬ ಅಧ್ಯಾಯವುಂಟು. ರೋಗಿಯ ಮನೆ ಶುಚಿಯಾಗಿರಬೇಕು, ಹಾಸಿಗೆ ಸುಖಕರವಾಗಿರಬೇಕು, ಪ್ರಿಯವಾಗಿ ಮಾತನಾಡುವ ಸ್ನೇಹಿತರು ಕಥೆಗಳನ್ನು ಹೇಳಿ ನೋವನ್ನು ಮರೆಸಬೇಕು ಎಂದು ಅಲ್ಲಿದೆ. ಆಹಾರ ವಿಹಾರಗಳ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಬೇರೆ ದಾರಿ ಹಿಡಿದಿದ್ದರೂ ಈ ಮಾತು ಹಳತಾಗಿಲ್ಲ. ನೋಡಲು ಬರುವ ನಂಟರು ಇದನ್ನು ಗಮನಿಸಲಿ. ಹಾಸಿಗೆಯ ಪಕ್ಕದಲ್ಲಿ ಕುಳಿತು, ಇಂಥದೇ ಶಸ್ತ್ರಚಿಕಿತ್ಸೆಯಾಗಿ ತೀರಿಕೊಂಡವರ ಸುದ್ದಿಯನ್ನು ಹೇಳುವುದು ಸಲ್ಲದು.

ಆಹಾರದಲ್ಲಿ ನಮ್ಮ ಮನೆಗಳ ಒಂದು ರೂಢಿ ಹಾನಿ ಮಾಡುತ್ತಿದೆ. ಗಾಯಕ್ಕೆ ನಂಜಾಗುತ್ತದೆಂದು ಅವರೆಕಾಳು ಬೇಡ, ಕಡಲೆಕಾಯಿ ಬೇಡ, ಮೊಸರು ಬೇಡವೆಂದು ಎಲ್ಲವನ್ನೂ ಬಿಡಿಸಿ, ಬರಿಯ ಗಂಜಿ ಕೊಟ್ಟು ಹಿರಿಯರನ್ನು ಸೊರಗಿಸುತ್ತಾರೆ. ಗಾಯ ಕೂಡಲು ಪ್ರೋಟೀನು ಅತ್ಯಗತ್ಯ. ವೈದ್ಯರು ಬೇರೆ ಪಥ್ಯ ಹೇಳದಿದ್ದರೆ ಬೇಳೆಕಾಳು, ಹಾಲು, ಮೊಸರು, ಸೊಪ್ಪಿನ ಸಾರು, ಮೆತ್ತಗಿನ ರಾಗಿಮುದ್ದೆ ಧಾರಾಳವಾಗಿ ಸಲ್ಲುತ್ತವೆ. ನೋವಿನ ಕೆಲವು ಔಷಧಗಳಿಂದ ಮಲಬದ್ಧತೆಯಾಗುವುದುಂಟು. ನೀರನ್ನು ಮರೆಯದೆ ಕೊಡಬೇಕು. ಸಕ್ಕರೆ ಕಾಯಿಲೆಯವರ ಸಕ್ಕರೆ ಹತೋಟಿಯಲ್ಲಿರದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಬೀಡಿ, ಸಿಗರೇಟು ಸರ್ವಥಾ ಕೂಡದು.

ಕೆಲವು ವೃದ್ಧರಿಗೆ ಶಸ್ತ್ರಚಿಕಿತ್ಸೆಯ ನಂತರ ಬುದ್ಧಿ ಕಲಕಿದಂತಾಗಿ, ರಾತ್ರಿಯಲ್ಲಿ ಏನೇನೋ ಆಡುವುದುಂಟು. ತೀರಿಹೋದವರನ್ನು ಕರೆಯುತ್ತಾರೆ, ಮಗಳ ಗುರುತು ಹಿಡಿಯುವುದಿಲ್ಲ. ಇದನ್ನು ಹುಚ್ಚೆಂದೋ ಗಾಳಿಯೆಂದೋ ಹೆದರಬಾರದು. ಸೋಂಕು, ನೀರಿನ ಕೊರತೆ, ಮೂತ್ರ ಕಟ್ಟುವುದು, ಔಷಧದ ಪರಿಣಾಮ ಇವು ಅದಕ್ಕೆ ಕಾರಣವಾಗಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು. ಬಹುಮಂದಿಯಲ್ಲಿ ಇದು ತಿಳಿಯಾಗುತ್ತದೆ. ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಾಕಿಸಿ, ಹಗಲು ಕಿಟಕಿ ತೆರೆದು, ಮನೆಯವರೇ ಬಳಿಯಲ್ಲಿದ್ದು ಮೆಲ್ಲನೆ ಮಾತಾಡಿಸುತ್ತಿದ್ದರೆ ಅವರಿಗೆ ಧೈರ್ಯ. ಇದಲ್ಲದೆ ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಊತ, ಮೂತ್ರ ಬಾರದಿರುವುದು ಕಂಡರೆ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಎದೆನೋವು, ಏದುಸಿರು ಬಂದರೆ ಕ್ಷಣವೂ ತಡೆಯದೆ ಕರೆದೊಯ್ಯಬೇಕು.

ಕುಳಿತು ಪೂಜೆ ಮಾಡಲಾಗಲಿಲ್ಲವೆಂದು ಕೊರಗುವ ಹಿರಿಯರಿಗೆ ಒಂದು ಮಾತು. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ಅದನ್ನು ಕಾಣಲು ಎದ್ದುಹೋಗಬೇಕಾದ ಗುಡಿಯಿಲ್ಲ. ಮಲಗಿದಲ್ಲಿಯೇ ವಿಭೂತಿಯನ್ನು ಧರಿಸಿ, ಪಂಚಾಕ್ಷರಿಯನ್ನು ಉಸಿರಿಗೆ ಹೊಂದಿಸಿ ಜಪಿಸಿರಿ. ವೈದ್ಯರು ಹೇಳಿದ ದೀರ್ಘಶ್ವಾಸವೂ ಅದರೊಡನೆಯೇ ನಡೆಯಲಿ.

ಕಡೆಯದಾಗಿ, ಹಗಲು ಯಾರೂ ಇಲ್ಲದ ಮನೆಯ ಮಾತು. ಹೆರಿಗೆಯಾದ ಮಗಳಿಗೆ ನಮ್ಮ ಮನೆಗಳಲ್ಲಿ ತಿಂಗಳುಗಟ್ಟಲೆ ಬಾಣಂತನ ಮಾಡುತ್ತಾರೆ. ಅದನ್ನು ಯಾರೂ ಸಾಲವೆಂದು ಲೆಕ್ಕ ಬರೆಯುವುದಿಲ್ಲ. ಮುಪ್ಪಿನಲ್ಲಿ ಶಸ್ತ್ರಚಿಕಿತ್ಸೆಯಾದವರಿಗೂ ಅಂತಹ ಆರೈಕೆ ನಮ್ಮಲ್ಲಿ ರೂಢಿಯಾಗಬೇಕು. ಮಕ್ಕಳು ರೈಲು ಹತ್ತುವ ಮುನ್ನ ಫೋನು, ನೀರು, ಔಷಧ ಕೈಗೆ ಎಟಕುವಂತಿರಲಿ. ಬಚ್ಚಲಿನಲ್ಲಿ ಹಿಡಿಯಲು ಗಟ್ಟಿಯಾದ ಕಂಬಿ, ರಾತ್ರಿಯಲ್ಲಿ ಒಂದು ದೀಪವಿರಲಿ. ಉಳಿದ ಹೊತ್ತನ್ನು ನೆರೆಯವರು ಹಂಚಿಕೊಳ್ಳಬಹುದು: ಒಬ್ಬರು ಹತ್ತು ಗಂಟೆಗೆ ಬಂದು ಔಷಧ ಕೊಡಲಿ, ಇನ್ನೊಬ್ಬರು ಊಟಕ್ಕೆ ಬಡಿಸಲಿ, ಮತ್ತೊಬ್ಬರು ಸಂಜೆ ಜೊತೆಗೆ ನಾಲ್ಕು ಹೆಜ್ಜೆ ನಡೆಯಲಿ. ಗಣಿಯ ಊರಿನಲ್ಲಿ ನೆರೆಮನೆಯವರ ನುಡಿ ತಮಿಳೋ ತೆಲುಗೋ ಆಗಿರಬಹುದು. ದಾಸೋಹಕ್ಕೆ ಭಾಷೆಯ ಕಟ್ಟಿಲ್ಲ. ಹಾಸಿಗೆಯಲ್ಲಿರುವ ಹಿರಿಯರೂ ಆ ಕೈಗಳನ್ನು ಸಂತೋಷದಿಂದ ಹಿಡಿದು, ತಮ್ಮ ಪಾಲಿನ ಆ ದಿನದ ಹೆಜ್ಜೆಗಳನ್ನು ಇಡಲಿ. ಈ ಪಾಠವನ್ನು ಓದಿದ ಗೃಹಸ್ಥರು ತಮ್ಮ ಓಣಿಯಲ್ಲಿ ಅಂಥವರು ಯಾರಿದ್ದಾರೆಂದು ಇಂದೇ ವಿಚಾರಿಸಿರಿ.