ತಂಗಿ ಬರುವ ಮುನ್ನ ಮನೆ ಸಿದ್ಧವಾಗಲಿ

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಮದುವೆಯಾಗಿ ಆರು ವರ್ಷವಾಯಿತು. ನನ್ನ ತಂಗಿಗೆ ಇಪ್ಪತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೂಲಿ ಮಾಡಿ ಅವಳನ್ನು ಪಿಯುಸಿವರೆಗೆ ಓದಿಸಿದಳು. ಹೋದ ವರ್ಷ ದೂರದ ಸಂಬಂಧದ ಅತ್ತೆಯೊಬ್ಬಳು ಪುಣೆಯಲ್ಲಿ ಬಟ್ಟೆ ಅಂಗಡಿಯ ಕೆಲಸ ಕೊಡಿಸುತ್ತೇನೆಂದು ಕರೆದುಕೊಂಡು ಹೋದಳು. ಎರಡು ತಿಂಗಳು ಫೋನು ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಒಂಬತ್ತು ತಿಂಗಳಾದ ಮೇಲೆ, ಅಲ್ಲಿನ ಪೊಲೀಸರು ಒಂದು ಮನೆ ಮೇಲೆ ದಾಳಿ ಮಾಡಿ ಅವಳನ್ನು ಬಿಡಿಸಿದ್ದಾರೆಂದು ಸುದ್ದಿ ಬಂತು. ಈಗ ಅಲ್ಲಿಯೇ ಒಂದು ಆಶ್ರಯಧಾಮದಲ್ಲಿದ್ದಾಳೆ. ನಾನೂ ಅವ್ವನೂ ಹೋದಾಗ ನಮ್ಮ ಮುಖ ನೋಡಲಿಲ್ಲ. 'ನಾ ಊರಿಗೆ ಬರಂಗಿಲ್ಲ' ಅಂದಳು, ಅಷ್ಟೇ. ಬೇಗ ಕರಕೊಂಡು ಬಂದು ಮಂದಿಗೆ ಗೊತ್ತಾಗುವುದರೊಳಗೆ ಮದುವೆ ಮಾಡಿಬಿಡೋಣ ಎನ್ನುತ್ತಾಳೆ ಅವ್ವ. ಅವಳು ನಮ್ಮ ಹೊಸ್ತಿಲು ತುಳಿಯಬಾರದು ಎನ್ನುತ್ತಾರೆ ನನ್ನ ಯಜಮಾನರು. ಆ ಅತ್ತೆಯ ಕಡೆಯವರು, 'ನಿಮ್ಮ ಹುಡುಗಿ ಇಷ್ಟಪಟ್ಟೇ ಹೋಗಿದ್ದು, ದುಡ್ಡು ಕೊಡುತ್ತೇವೆ, ಕೇಸು ಮುಗಿಸಿಕೊಳ್ಳಿ' ಎಂದು ದಿನಾ ಫೋನು ಮಾಡುತ್ತಾರೆ. ನಾನೇನು ಮಾಡಲಿ?

ಉತ್ತರ: ಸೋದರಿ, ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ. ತಂಗಿಯದು ಮಾತ್ರ ಒಂದೇ ವಾಕ್ಯ. ನಾನು ಅಲ್ಲಿಂದಲೇ ಶುರುಮಾಡುತ್ತೇನೆ. 'ನಾ ಊರಿಗೆ ಬರಂಗಿಲ್ಲ' ಎಂಬುದು ನಿಮಗೆ ಸಿಟ್ಟಿನಂತೆ ಕೇಳಿಸಿರಬಹುದು. ನನಗೆ ಅದರಲ್ಲಿ ಹೆದರಿಕೆ ಕೇಳಿಸುತ್ತಿದೆ. ಅವಳನ್ನು ಕರೆದೊಯ್ದವಳು ನಿಮ್ಮದೇ ಬಳಗದ ಹೆಂಗಸು. ನಿಮ್ಮ ಅಂಗಳದಲ್ಲೇ ಕೂತು, ಚಹಾ ಕುಡಿದು, ಕರೆದೊಯ್ದವಳು. ಆ ಅಂಗಳಕ್ಕೆ ಮರಳಲು ಹುಡುಗಿಗೆ ಧೈರ್ಯ ಎಲ್ಲಿಂದ ಬರಬೇಕು?

'ಇಷ್ಟಪಟ್ಟು ಹೋದಳು' ಎಂಬ ಮಾತನ್ನು ನಿಮ್ಮ ಮನೆಯೊಳಗೆ ಇಂದೇ ನಿಲ್ಲಿಸಿ. ಅವಳು ಇಷ್ಟಪಟ್ಟಿದ್ದು ಬಟ್ಟೆ ಅಂಗಡಿಯ ಕೆಲಸವನ್ನು. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನು ಮಾನವ ಸಾಗಣೆಯ ಅಪರಾಧವನ್ನು ವಿವರಿಸುವಾಗ, ಬಲಿಯಾದವರ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದು ಗಣನೆಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಆಸೆ ತೋರಿಸಿ, ಮೋಸಮಾಡಿ ಕರೆದೊಯ್ದರೂ ಅದು ಸಾಗಣೆಯೇ. ಒಂಬತ್ತು ತಿಂಗಳು ಯಾಕೆ ಓಡಿಬರಲಿಲ್ಲ ಎಂದೂ ಯಾರಾದರೂ ಕೇಳಿಯಾರು. ಇಂಥ ಮನೆಗಳಲ್ಲಿ ಹುಡುಗಿಯನ್ನು ಕೊಂಡ ದುಡ್ಡನ್ನೇ ಅವಳ ಸಾಲವೆಂದು ಬರೆದಿಡುತ್ತಾರೆ. ಊಟ, ಬಟ್ಟೆ, ಔಷಧಿಯ ಖರ್ಚೆಲ್ಲ ಅದಕ್ಕೇ ಸೇರುತ್ತದೆ. ಫೋನು ಕಿತ್ತುಕೊಳ್ಳುತ್ತಾರೆ, ಊರಿಗೆ ಫೋಟೊ ಕಳಿಸುತ್ತೇವೆಂದು ಹೆದರಿಸುತ್ತಾರೆ. ಬೀಗವಿಲ್ಲದಿದ್ದರೂ ಆ ಬಾಗಿಲು ದಾಟಲು ಆಗುವುದಿಲ್ಲ.

ಅವ್ವನ ಆತುರ ನನಗೆ ಅರ್ಥವಾಗುತ್ತದೆ. ಆದರೆ ಬಿಡಿಸಿಕೊಂಡು ಬರುವುದು ನಿಮ್ಮಿಬ್ಬರ ಕೈಯಲ್ಲಷ್ಟೇ ಇಲ್ಲ. ದಾಳಿಯಲ್ಲಿ ಬಿಡಿಸಿದವರಿಗೆ 1956ರ ಅನೈತಿಕ ಸಾಗಣೆ ತಡೆ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಇಂಥವರನ್ನು ತಂದೆತಾಯಿಗೋ ಗಂಡನಿಗೋ ಒಪ್ಪಿಸುವ ಮೊದಲು, ಆ ಮನೆ ಅವಳನ್ನು ನೋಡಿಕೊಳ್ಳುವಂಥದ್ದೇ ಎಂದು ಮ್ಯಾಜಿಸ್ಟ್ರೇಟರು ಸಂಸ್ಥೆಯೊಂದರಿಂದ ವಿಚಾರಣೆ ಮಾಡಿಸಬಹುದು. ಮನೆಗೆ ಯಾರೋ ಬಂದು ಪ್ರಶ್ನೆ ಕೇಳಿದರೆ ಅವಮಾನವೆಂದುಕೊಳ್ಳಬೇಡಿ. ಮನೆಯವರೇ ಮಾರಿದ ಪ್ರಕರಣಗಳೂ ಇರುವುದರಿಂದ ಆ ನಿಯಮ ಬಂದಿದೆ. ನಾನು ನಿಮ್ಮ ಜಾಗದಲ್ಲಿದ್ದರೆ ಆ ಪ್ರಶ್ನೆಗಳನ್ನು ಮೊದಲು ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಅವಳು ಬಂದರೆ ಎಲ್ಲಿ ಮಲಗುತ್ತಾಳೆ? ರಾತ್ರಿ ಬೆಚ್ಚಿಬಿದ್ದು ಕೂಗಿಕೊಂಡರೆ ಯಾರು ಎದ್ದು ಹೋಗುತ್ತಾರೆ? ಆ ಅತ್ತೆಯ ಕಡೆಯವರು ಬಾಗಿಲಿಗೆ ಬಂದರೆ ಯಾರು ತಡೆಯುತ್ತಾರೆ? ಇವಕ್ಕೆ ಉತ್ತರವಿಲ್ಲದೆ ಹುಡುಗಿಯನ್ನು ಕರೆತಂದರೆ ಅವಳು ಮತ್ತೆ ಹೊರಟುಹೋಗುತ್ತಾಳೆ. ಆಗ ಕಾಯುತ್ತಾ ನಿಂತಿರುವವರು ಅದೇ ದಲ್ಲಾಳಿಗಳು.

ಮದುವೆಯಂತೂ ಈಗ ಬೇಡವೇ ಬೇಡ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹುಡುಗಿ ದಿನವೂ ಹೆದರಿಕೊಂಡೇ ಬದುಕಬೇಕು. ಆ ಗುಟ್ಟು ಗೊತ್ತಿರುವ ಯಾರು ಬೇಕಾದರೂ ಅವಳನ್ನು ಹಿಂಡಬಹುದು. ಅವ್ವನಿಗೆ ಇದನ್ನು ನೀವೇ ಹೇಳಬೇಕು, ನಿಧಾನವಾಗಿ, ಒಂದೇ ದಿನಕ್ಕೆ ಅಲ್ಲ.

ಇನ್ನು ಆಶ್ರಯಧಾಮ. ಅದು ಜೈಲಲ್ಲ. ಎಲ್ಲ ಆಶ್ರಯಧಾಮಗಳೂ ಚೆನ್ನಾಗಿವೆ ಎಂದು ನಾನು ಹೇಳಲಾರೆ. ಬೀಗ ಹಾಕಿ, ಫೋನು ಕೊಡದೆ, ಹೊಲಿಗೆ ಮಷೀನಿನ ಮುಂದೆ ಕೂರಿಸುವುದನ್ನೇ ಪುನರ್ವಸತಿ ಎಂದುಕೊಂಡವೂ ಇವೆ. ವಯಸ್ಕ ಹೆಣ್ಣುಮಕ್ಕಳನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಇಂಥ ಧಾಮಗಳಲ್ಲಿ ಇಟ್ಟುಕೊಂಡಿದ್ದರೆ ಪರಿಶೀಲಿಸಿ ಬಿಡುಗಡೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ರಾಜ್ಯಗಳಿಗೆ ಹೇಳಿದೆ. ನಿಮ್ಮ ತಂಗಿಗೆ ಇಪ್ಪತ್ತು ವರ್ಷ. ಎಲ್ಲಿರಬೇಕೆಂದು ಹೇಳುವ ಹಕ್ಕು ಅವಳದು. ಆದ್ದರಿಂದ ಅವಳನ್ನೇ ಕೇಳಿ: ಅಲ್ಲಿ ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೇ, ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ. ತನ್ನ ನೋವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿಕೊಳ್ಳಬೇಕಾದ ಹುಡುಗಿ ಅರ್ಧವನ್ನು ನುಂಗಿಬಿಡುತ್ತಾಳೆ. ಊರು ಬೇಡ, ಆದರೆ ಕರ್ನಾಟಕಕ್ಕೆ ಬರುತ್ತೇನೆ ಎಂದರೆ ಇಲ್ಲಿನ ಶಕ್ತಿ ಸದನಕ್ಕೋ ರಾಜ್ಯ ಮಹಿಳಾ ನಿಲಯಕ್ಕೋ ವರ್ಗಾಯಿಸಲು ನ್ಯಾಯಾಲಯವನ್ನು ಕೇಳಬಹುದು. ಮೈಸೂರಿನ ಒಡನಾಡಿ ಸೇವಾ ಸಂಸ್ಥೆ ಮೂರು ದಶಕಗಳಿಂದ ಇಂಥ ಹೆಣ್ಣುಮಕ್ಕಳ ಪುನರ್ವಸತಿಯ ಕೆಲಸ ಮಾಡುತ್ತಿದೆ, ಅವರ ಸಲಹೆಯನ್ನೂ ಕೇಳಿನೋಡಿ. ಅಲ್ಲೇ ಇನ್ನಷ್ಟು ದಿನ ಇರುತ್ತೇನೆ ಎಂದರೆ ಒಪ್ಪಿಕೊಳ್ಳಿ. ಅದರಿಂದ ನಿಮ್ಮ ಸಂಬಂಧ ಕಡಿದುಹೋಗುವುದಿಲ್ಲ.

ನಿಮ್ಮ ಯಜಮಾನರ ಮಾತು ನನಗೆ ನೋವು ತಂದಿತು. ತಪ್ಪು ಮಾಡಿದವಳು ಊರಲ್ಲಿ ತಲೆಯೆತ್ತಿ ತಿರುಗುತ್ತಿದ್ದಾಳೆ, ಹೊಸ್ತಿಲು ಮುಚ್ಚುವುದು ಮೋಸಹೋದ ಹುಡುಗಿಗೆ. ಇದನ್ನು ಜಗಳವಾಗಿ ಹೇಳಬೇಡಿ, ಪ್ರಶ್ನೆಯಾಗಿ ಅವರ ಮುಂದಿಡಿ. ಅವರು ಬದಲಾಗುವವರೆಗೆ ತಂಗಿಯನ್ನು ನಿಮ್ಮ ಮನೆಗೆ ಕರೆತರುವ ಹಟ ಬೇಡ. ಮೈದುನಿಯನ್ನು ಕಂಡು ಮುಖ ತಿರುಗಿಸುವ ಬಾವನ ಮನೆಗಿಂತ ಅವ್ವನ ಮನೆ ವಾಸಿ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಮಾತು: ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಒಬ್ಬರನ್ನು ಸಾಗಿಸಿದ ಅಪರಾಧಕ್ಕೇ ಕನಿಷ್ಠ 7 ವರ್ಷ, ಗರಿಷ್ಠ 10 ವರ್ಷ ಕಠಿಣ ಸಜೆಯಿದೆ. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಸಾಗಿಸಿದ್ದರೆ 10 ವರ್ಷದಿಂದ ಜೀವಾವಧಿಯವರೆಗೆ. ಇದು ಕಾನೂನು ರಾಜಿಗೆ ಬಿಡುವ ಅಪರಾಧವಲ್ಲ. ಯಾರು, ಯಾವ ದಿನ, ಯಾವ ನಂಬರಿನಿಂದ ಫೋನು ಮಾಡಿದರು, ಏನೆಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪುಣೆಯ ತನಿಖಾಧಿಕಾರಿಗೆ ಅದನ್ನು ಲಿಖಿತವಾಗಿ ತಿಳಿಸಿ. ಬೆದರಿಕೆ ಹಾಕಿದರೆ 112ಕ್ಕೆ ಕರೆಮಾಡಿ, ನಿಮ್ಮ ಠಾಣೆಯಲ್ಲೂ ದೂರು ಕೊಡಿ. ಸಾಕ್ಷಿಗಳ ರಕ್ಷಣೆಗೆ 2018ರಿಂದ ಯೋಜನೆಯೊಂದಿದೆ, ಅದಕ್ಕೂ ಅರ್ಜಿ ಹಾಕಬಹುದು. ಸಾಕ್ಷ್ಯ ಹೇಳಲು ಪದೇಪದೇ ಪುಣೆಗೆ ಹೋಗುವುದು ಕಷ್ಟವಾದರೆ ವಿಡಿಯೊ ಮೂಲಕ ಹೇಳಲು ಅವಕಾಶ ಕೊಡಿ ಎಂದು ಕೋರ್ಟಿಗೆ ಕೇಳಿಕೊಳ್ಳಿ.

ವಕೀಲರಿಗೆ ದುಡ್ಡೆಲ್ಲಿಂದ ಎಂದು ಅವ್ವ ಕೇಳಿಯಾಳು. ಮಾನವ ಸಾಗಣೆಗೆ ಬಲಿಯಾದವರಿಗೆ, ಅವರ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಒದಗಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. 15100ಕ್ಕೆ ಕರೆಮಾಡಬಹುದು, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಬಹುದು. ಪರಿಹಾರದ ಅರ್ಜಿಯ ವಿಷಯವನ್ನೂ ಅಲ್ಲೇ ಕೇಳಿ. ಮಹಿಳಾ ಸಹಾಯವಾಣಿ 181. ನಿಮಗೇ ನಿದ್ದೆಗೆಟ್ಟು ತಡೆಯಲಾರದಂತಾದರೆ 14416, ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ಪುಣೆಗೆ ಹೋದಾಗ ಏನಾಯಿತೆಂದು ಕೇಳಬೇಡಿ. ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ವೈದ್ಯರಿಗೆ ಅವಳು ಅದನ್ನು ಈಗಾಗಲೇ ಹೇಳಿ ಸೋತಿದ್ದಾಳೆ. ಅವಳಿಗಿಷ್ಟವಾದ ತಿನಿಸೇನಾದರೂ ಒಯ್ಯಿರಿ, ಪಿಯುಸಿ ಮಾರ್ಕ್ಸ್‌ ಕಾರ್ಡಿನ ಪ್ರತಿಯನ್ನೂ ಜೊತೆಗಿಡಿ. ಮುಂದೆ ಓದುತ್ತೀಯಾ ಎಂದು ಕೇಳಿ, ಉತ್ತರಕ್ಕೆ ಅವಸರ ಬೇಡ. ಸುಮ್ಮನೆ ಕೂತಿದ್ದರೆ ನೀವೂ ಸುಮ್ಮನೆ ಕೂತಿರಿ. ಹೊರಡುವಾಗ ಮತ್ತೆ ಯಾವಾಗ ಬರುತ್ತೀರೆಂದು ತಾರೀಖು ಹೇಳಿ. ಆ ತಾರೀಖಿಗೆ ತಪ್ಪದೆ ಹೋಗಿ.