ಚುನಾವಣೆ ಹತ್ತಿರ ಬಂತು, ಸ್ವಲ್ಪ ಕೇಳಿ

ಚುನಾವಣೆ ಬಂತೆಂದರೆ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ವಾಟ್ಸಾಪ್ ಗುಂಪಿನಲ್ಲಿ ಜಪಸರದ ಸಮಯ, ಮರಣದ ಸುದ್ದಿ ಎಲ್ಲ ಅಡಿಗೆ ಬಿದ್ದು, ಪಕ್ಷಗಳ ಪೋಸ್ಟರು ಮತ್ತು ಬೈಗುಳ ಮೇಲೆ ತೇಲುತ್ತವೆ. ಗುರಿಕಾರನಾಗಿ, ಅಂದರೆ ವಾಳೆಯ ಮುಖಂಡನಾಗಿ, ಮನೆಮನೆ ಹತ್ತಿ ಇಳಿದವನು ನಾನು. ಪ್ರಸಂಗ ಮಾಡಲು ಫಾದರ್ ಇದ್ದಾರೆ. ಮಂಗಳೂರು, ಉಡುಪಿ ಕಡೆಯ ನಮ್ಮ ಹುಡುಗ ಹುಡುಗಿಯರಿಗೆ ನನ್ನದು ಬರೀ ವ್ಯವಹಾರದ ಮಾತು.

• ಕ್ರೈಸ್ತರಾದವರೆಲ್ಲ ಒಂದೇ ಪಕ್ಷದವರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾರ್ಜ್ ಫರ್ನಾಂಡಿಸ್ 1930ರಲ್ಲಿ, ಮಾರ್ಗರೆಟ್ ಆಳ್ವ 1942ರಲ್ಲಿ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಜಾರ್ಜ್ ತಲೆಮರೆಸಿಕೊಂಡು ಓಡಾಡಿ, 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಆಗ ಮಾರ್ಗರೆಟ್ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯೆ. ಮುಂದೆ ಜಾರ್ಜ್ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಮಂತ್ರಿಯಾದರು. 1980ರಿಂದ ಉಡುಪಿಯಲ್ಲಿ ಸಾಲಾಗಿ ಐದು ಸಲ ಗೆದ್ದ ಆಸ್ಕರ್ ಫರ್ನಾಂಡಿಸ್ ಕಾಂಗ್ರೆಸ್ ಬಿಡಲಿಲ್ಲ. ಇವರಲ್ಲಿ ಯಾರು ಒಳ್ಳೆಯ ಕ್ರೈಸ್ತರು ಅಂತ ಮತಪೆಟ್ಟಿಗೆ ನೋಡಿ ತೀರ್ಮಾನ ಮಾಡುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ.

• ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಮತ್ತಾಯ ಸುಂಕ ಎತ್ತುತ್ತಿದ್ದವನು. ಪರಕೀಯರ ಆಳ್ವಿಕೆಗೆ ಕೈಜೋಡಿಸಿದವನೆಂದು ಊರವರ ಕಣ್ಣಿಗೆ ಕಸವಾಗಿದ್ದವನು. ಅದೇ ಪಟ್ಟಿಯಲ್ಲಿ ದೇಶಾಭಿಮಾನಿ ಎನಿಸಿಕೊಂಡ ಸಿಮೋನನೂ ಇದ್ದಾನೆ. ಇಬ್ಬರೂ ದಾರಿಯಲ್ಲಿ ಏನು ಜಗಳವಾಡಿದರೋ ಶುಭಸಂದೇಶಗಳು ಬರೆದಿಟ್ಟಿಲ್ಲ. ಯೇಸು ಇಬ್ಬರನ್ನೂ ಕರೆದರು, ಒಂದೇ ಊಟಕ್ಕೆ ಕೂರಿಸಿದರು. ಅಷ್ಟು ಮಾತ್ರ ನಮಗೆ ಗೊತ್ತು.

• 2008ರ ಸೆಪ್ಟೆಂಬರ್ ನೆನಪಿರುವವರಿಗೆ ನನ್ನ ಮುಂದಿನ ಮಾತು ಹಿಡಿಸಲಿಕ್ಕಿಲ್ಲ. ಮಂಗಳೂರು ಸುತ್ತಮುತ್ತ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿಯಾದ ದಿನಗಳವು. ಶಿಲುಬೆ ಒಡೆದದ್ದನ್ನು ಮರೆಯಿರಿ ಅಂತ ನಾನು ಹೇಳಲಾರೆ. ಒಡೆದವರನ್ನು ಕಾನೂನಿನ ಮುಂದೆ ನಿಲ್ಲಿಸಿ ಅಂತ ಕೇಳುವುದು ನಿಮ್ಮ ಹಕ್ಕು, ಕೇಳುತ್ತಲೇ ಇರಿ. ಆದರೆ ಆಚೆಮನೆಯವರು ಇಂಥ ಪಕ್ಷಕ್ಕೆ ಓಟು ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಶಿಲುಬೆ ಒಡೆದ ಕಲ್ಲನ್ನು ಅವರ ಕೈಗಿಡಬೇಡಿ. ಅವರು ರಸ್ತೆ ನೋಡಿ ಹಾಕಿರಬಹುದು, ಅಭ್ಯರ್ಥಿ ನೋಡಿ ಹಾಕಿರಬಹುದು. ಯಾಕೆ ಹಾಕಿದಿರಿ ಅಂತ ಎದುರಿಗೇ ಕೇಳಿ, ಉತ್ತರ ಮುಗಿಯುವ ತನಕ ಬಾಯಿ ಹಾಕಬೇಡಿ. ಆಮೇಲೆ ನಿಮ್ಮ ನೋವನ್ನೂ ಹೇಳಿ. ಮುಚ್ಚಿಟ್ಟುಕೊಂಡು ನಗುವುದನ್ನು ನಾನು ಗೌರವ ಅನ್ನುವುದಿಲ್ಲ.

• ಅಡ್ಡಹೆಸರು ಬೇಡ. ನಾಯಕರಿಗೂ ಬೇಡ, ಅವರ ಬೆಂಬಲಿಗರಿಗೂ ಬೇಡ.

• ಇಗರ್ಜಿಯ (ಚರ್ಚಿನ) ಒಳಗೆ, ಅಂಗಳದಲ್ಲಿ ಮತಯಾಚನೆಗೆ ಆಸ್ಪದ ಕೊಡಬೇಡಿ. ಚುನಾವಣಾ ನೀತಿಸಂಹಿತೆ ಪ್ರಾರ್ಥನಾ ಸ್ಥಳಗಳನ್ನು ಪ್ರಚಾರದ ವೇದಿಕೆಯಾಗಿ ಬಳಸಬಾರದು ಅನ್ನುತ್ತದೆ. ಧರ್ಮದ ಹೆಸರಿನಲ್ಲಿ ಅಭ್ಯರ್ಥಿ ಓಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿ ಪೂಜೆಗೆ ಬಂದರೆ ಬರಲಿ, ಬೆಂಚಿನಲ್ಲಿ ಜಾಗ ಬಿಡಿ. ಮೈಕ್ ಕೊಡಬೇಡಿ. ನಿಮಗೆ ಬೇಕಾದ ಅಭ್ಯರ್ಥಿಯಾದರೂ ಅಷ್ಟೇ.

• ಆಳುವವರಿಗಾಗಿ ಪ್ರಾರ್ಥಿಸಿರಿ ಎಂದು ಪೌಲ ತಿಮೊಥೆಯನಿಗೆ ಬರೆದ ಕಾಲದಲ್ಲಿ ಆಳುತ್ತಿದ್ದವರು ಕ್ರೈಸ್ತರ ಹಿತೈಷಿಗಳೇನೂ ಆಗಿರಲಿಲ್ಲ. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ. ‘ಆಳುವವರಿಗೆ ಸದ್ಬುದ್ಧಿ ಕೊಡು’ ಅಂತ ಹಲ್ಲು ಕಚ್ಚಿಕೊಂಡು ಓದಿದರೆ ಅದು ಭಾಷಣವಾಗುತ್ತದೆ, ಕೆಳಗೆ ಕೂತವರಿಗೆ ಗೊತ್ತಾಗುತ್ತದೆ. ಮುಖ್ಯಮಂತ್ರಿ, ಪ್ರಧಾನಮಂತ್ರಿ ಯಾವ ಪಕ್ಷದವರಾದರೂ ಅವರ ಆರೋಗ್ಯಕ್ಕೆ, ನ್ಯಾಯವಾದ ಆಡಳಿತಕ್ಕೆ ಬೇಡಿಕೊಳ್ಳಿ. ಸರ್ಕಾರ ಬದಲಾದ ಮೇಲೂ ಅದೇ ವಾಕ್ಯ ಓದುವಂತಿರಬೇಕು.

• ಸೆಪ್ಟೆಂಬರ್ 8ರ ಮೊಂತಿ ಹಬ್ಬದ, ಅಂದರೆ ನಮ್ಮ ಹೊಸ ತೆನೆಯ ಹಬ್ಬದ ಊಟ ರಾಜಕೀಯಕ್ಕೆ ಸಲ್ಲದ ಜಾಗ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮುಂಬಯಿಯ ಮಗ, ಕುವೈತಿನ ಅಳಿಯ, ಊರಿನ ದೊಡ್ಡಪ್ಪ ವರ್ಷಕ್ಕೊಮ್ಮೆ ಒಟ್ಟಿಗೆ ಕೂರುವುದೇ ಆಗ, ಮಾತಾಡಲಿ. ಒಂದು ಕ್ರಮ ಇರಲಿ: ಮನೆಯ ಹಿರಿಯರು ಆಶೀರ್ವದಿಸಿದ ಹೊಸ ಭತ್ತದ ಅಕ್ಕಿ ಸೇರಿಸಿದ ಹಾಲನ್ನು ಎಲ್ಲರಿಗೂ ಹಂಚಿ ಮುಗಿಸಲಿ, ಬಾಳೆಲೆಯ ಮೇಲೆ ಪಲ್ಯಗಳು ಬೀಳಲಿ, ವಾದ ಆಮೇಲೆ. ದೊಡ್ಡಪ್ಪ ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ ತೋರಿಸಿ. ಅವರು ‘ಹೌದು, ನಾನು ಹೇಳಿದ್ದು ಇದೇ’ ಅಂದ ಮೇಲೆ ನಿಮ್ಮ ಖಂಡನೆ ಶುರುವಾಗಲಿ. ಅರ್ಧ ಜಗಳ ಅಲ್ಲೇ ಕರಗುತ್ತದೆ, ಉಳಿದರ್ಧ ನಿಜವಾದ ಭಿನ್ನಾಭಿಪ್ರಾಯ. ಅದು ಇರಲಿ ಬಿಡಿ.

• ಲೋಕಸಭೆ, ವಿಧಾನಸಭೆಗಿಂತ ಗ್ರಾಮ ಪಂಚಾಯತಿಯಲ್ಲಿ ಜಾಸ್ತಿ ಎಚ್ಚರ ಬೇಕು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ನಿಂತವರಿಬ್ಬರೂ ನಮ್ಮ ವಾಳೆಯವರೇ ಆಗಿರುತ್ತಾರೆ. ಫಲಿತಾಂಶದ ಸಂಜೆ ಸೋತವರ ಮನೆಯೆದುರು ಪಟಾಕಿ ಹೊಡೆಯಬೇಡಿ. ಮುಂದಿನ ಭಾನುವಾರದ ಪೂಜೆಯಲ್ಲಿ ಶಾಂತಿ ವಿನಿಮಯದ ಹೊತ್ತಿಗೆ ಅವರ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಸಾಕು, ಕೈ ಮುಗಿಯಲು ಅವರೇ ತಿರುಗಬೇಕಾಗುತ್ತದೆ.