ಕಡತ, ತಾಡೋಲೆ ಪ್ರದರ್ಶನಕ್ಕಿಡುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಳೆಯ ಶಾನುಭೋಗರ ಮನೆಗಳ ಅಟ್ಟ ಸೇರಿದ್ದ ಕಡತ, ತಾಡೋಲೆಗಳನ್ನು ಶಾಲೆಗಳಲ್ಲೋ ಸಮುದಾಯ ಭವನಗಳಲ್ಲೋ ಜನರಿಗೆ ತೋರಿಸುವುದು ಒಳ್ಳೆಯ ಕೆಲಸ. ಆದರೆ ಅವನ್ನಿಟ್ಟ ಜಾಗ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆ, ಬರೆದದ್ದು ಬಳಪದಲ್ಲಿ. ತೇವ ತಗುಲಿದರೆ ಅಂಟಿಗೆ ಬೂಸ್ಟು, ಹುಳ ಬರುತ್ತವೆ. ತಾಡೋಲೆ ಒಣಗಿದರೆ ಸೆಟೆದು ಮುರಿಯುತ್ತದೆ.

ಮೊದಲು ಗೋಡೆ ಆರಿಸಿ. ಪಡುವಣ ಗೋಡೆ ಬೇಡ, ಮಳೆನೀರು ಇಳಿಯುವ ಹೊರಗೋಡೆಯೂ ಬೇಡ. ಪೆಟ್ಟಿಗೆ ಗೋಡೆಯಿಂದ ಅಂಗೈಯಗಲ ದೂರವಿರಲಿ. ತುಂಗಭದ್ರಾ ಹಿನ್ನೀರಿನ ಅಂಚಿನ ಊರುಗಳವರು ಇದನ್ನು ಮರೆಯಲೇಬಾರದು.

ಹೆಚ್ಚಿನವರು ಎಡವುವುದು ಗಾಜಿನ ಪೆಟ್ಟಿಗೆಯ ವಿಷಯದಲ್ಲಿ. ಗಾಜಿದೆಯಲ್ಲ, ಬಿಸಿಲು ಏನು ಮಾಡೀತು ಎಂದು ಅದನ್ನು ಕಿಟಕಿಗೆ ಎದುರಾಗಿ ಇಡುತ್ತಾರೆ. ಸಾದಾ ಗಾಜು ಬೆಳಕನ್ನಷ್ಟೇ ಅಲ್ಲ, ನೇರಳಾತೀತ ಕಿರಣದ ಬಹುಪಾಲನ್ನೂ ಒಳಬಿಡುತ್ತದೆ. ಒಳಗಿನ ಗಾಳಿ ಹಗಲು ಕಾದು ಒಣಗುತ್ತದೆ, ರಾತ್ರಿ ತಣಿದು ತೇವಗೊಳ್ಳುತ್ತದೆ. ಓಲೆ ದಿನವೂ ಹಿಗ್ಗಿ ಕುಗ್ಗಿ ಸೀಳುತ್ತದೆ. ಒಳಗೆ ಬಲ್ಬು ಹಾಕಿದರೂ ಇದೇ ಕಥೆ. ಚಂದ ಕಾಣಲೆಂದು ಹಾಕಿದ ಆ ಬಲ್ಬನ್ನು ಇಂದೇ ತೆಗೆಯಿರಿ. ಕಿಟಕಿಗೆ ದಪ್ಪ ಪರದೆ ಹಾಕಿ, ದೀಪ ಪೆಟ್ಟಿಗೆಯ ಹೊರಗಿರಲಿ. ಕಾಗದ, ಬಣ್ಣದ ಬಟ್ಟೆ, ಫೋಟೊಗಳಿಗೆ ಮ್ಯೂಸಿಯಂಗಳು ಪಾಲಿಸುವ ಬೆಳಕಿನ ಮಿತಿ ಸುಮಾರು 50 ಲಕ್ಸ್. ಮೊಬೈಲ್ ಆ್ಯಪ್‌ನಲ್ಲಿ ಅಂದಾಜು ಸಿಗುತ್ತದೆ. ಬೆಳಕಿನಿಂದ ಮಾಸಿದ ಬಣ್ಣ ಮತ್ತೆ ಬಾರದು. ನನ್ನನ್ನು ಕೇಳಿದರೆ, ವರ್ಷವಿಡೀ ತೋರಿಸುವುದಾದರೆ ನಕಲು ಪ್ರತಿ ಇಡಿ, ಮೂಲವನ್ನು ಹಬ್ಬಕ್ಕೆ, ಜಾತ್ರೆಗೆ ಮಾತ್ರ ಹೊರತೆಗೆಯಿರಿ.

ಪೆಟ್ಟಿಗೆಯೊಳಗೆ ಪುಟ್ಟ ತೇವಮಾಪಕ ಇಡಿ. ತೇವ ಶೇ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಶೇ 65 ದಾಟಿದರೆ ಬೂಸ್ಟಿನ ಭಯ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲ ಇಡಿ, ವಸ್ತುವಿಗೆ ತಾಗದಿರಲಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಬದಲಿಸಿ. ಬೇಸಿಗೆಯಲ್ಲಿ ಅದನ್ನು ತೆಗೆದುಬಿಡಿ. ನಮ್ಮ ಸೀಮೆಯ ಏಪ್ರಿಲ್ ಗಾಳಿಯೇ ಸಾಕಷ್ಟು ಒಣಗಿರುತ್ತದೆ, ಜೆಲ್ಲೂ ಸೇರಿದರೆ ಓಲೆ ಉಳಿಯದು.

ಲ್ಯಾಮಿನೇಷನ್, ಸೆಲೋ ಟೇಪ್ ಬೇಡವೇ ಬೇಡ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಬರಹ ಅಳಿಸಿಹೋಗುತ್ತದೆ, ಬಿಸಿಲಿಗೂ ಹಾಕಬೇಡಿ. ಅದೊಂದನ್ನು ಬೇರೆಯಿಟ್ಟು ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗದವರನ್ನು ವಿಚಾರಿಸಿ.